ಕೆನ್ನೆಗೆ ದಬ್ಬಣ ಒತ್ತಿ ನೋಡುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಆ ಹೆಸರನ್ನು ನಾಲ್ಕು ಜನರೆದುರು ನಾನು ಎತ್ತಿ ಹೇಳಿದ್ದೆ. ಅದರಿಂದ ಆದದ್ದೇ ಸಾಕು.

ಅವರು ವಾಡಿಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು, "ಅಯ್ಯ, ಎಂಥಾ ಮನಷ್ಯಾ ಇದ್ದ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮೊದಲು ಬಂದ ಯೋಚನೆ ಯಾವುದೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ನಾನು ಸತ್ತರೆ ಇವಳು ಇಷ್ಟು ಬೇಗ ಅಳುತ್ತಾಳೆಯೇ ಎಂದು ಯೋಚಿಸಿದೆ. ಆ ಮನುಷ್ಯನ ವಿಷಯದಲ್ಲಿ ನನ್ನ ಬುದ್ಧಿ ಮೊದಲಿನಿಂದಲೂ ಹೀಗೆಯೇ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ, ಹಿಂದೆ ಕಲ್ಲು ಪಾಲಿಶ್ ಮಾಡುತ್ತಿದ್ದ ಒಂದು ದೊಡ್ಡ ಶೆಡ್ಡಿತ್ತು. ಹೈದರಾಬಾದಿನ ಸೇಠರೊಬ್ಬರು ಅದನ್ನು ಕೊಂಡು ಫೋಮ್ ಮಾಡುವ ಕಾರ್ಖಾನೆ ಹಾಕಿದರು. ಬಸ್ಸಿನ ಸೀಟು, ಟಾಕೀಜಿನ ಕುರ್ಚಿ, ಗಾದಿ, ದಿಂಬು, ಇವಕ್ಕೆಲ್ಲ ತುಂಬುವ ಮೆತ್ತನೆಯ ಸ್ಪಂಜು. ಗುಲಬರ್ಗಾದಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮುಗಿಸಿ, ಚಿತ್ತಾಪುರದ ಮನೆಯಲ್ಲಿ ಅಪ್ಪನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ ನಾನು ಅಲ್ಲಿ ಕೆಮಿಸ್ಟ್ ಆಗಿ ಸೇರಿದೆ. ಅವರು ಮಿಕ್ಸಿಂಗ್ ಮಾಡುವವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಉರ್ದು ನಾಲ್ಕನೆಯ ಈಯತ್ತೆಯವರೆಗೆ ಓದಿದ್ದರು. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆತನ. ಗಾದಿ ಮಾಡುವ ಕೈಗೆ ಮೆತ್ತಗೆಂದರೇನು ಎಂಬುದು ಗೊತ್ತಿರುತ್ತದೆ ಎಂದು ಸೇಠರು ಅವರನ್ನು ಹುಡುಕಿ ತಂದು, ಮೂರು ತಿಂಗಳು ಹೈದರಾಬಾದಿನಲ್ಲಿ ಕೆಲಸ ಕಲಿಸಿದ್ದರು.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಸೇಠರೂ ಹಾಗೇ ಕರೆಯುತ್ತಿದ್ದರು, ಗೇಟಿನ ಮುದುಕನೂ ಹಾಗೇ ಕರೆಯುತ್ತಿದ್ದ. ನನ್ನನ್ನು ಸಾಹೇಬ್ರು ಎನ್ನುತ್ತಿದ್ದರು. ಆದರೆ ಪ್ಯಾಂಟು ಹಾಕಿದವರನ್ನೆಲ್ಲ ನಮ್ಮ ಕಡೆ ಸಾಹೇಬ್ರು ಎನ್ನುತ್ತಾರೆ, ಪೋಸ್ಟ್ ತರುವವನನ್ನೂ. ಉಸ್ತಾದ್ ಎಂಬುದು ಹಾಗಲ್ಲ, ಜನ ಮನಸ್ಸಿನಿಂದ ಕೊಟ್ಟರೆ ಮಾತ್ರ ಬರುವಂಥದ್ದು. ನಾನು ಅವರನ್ನು ಒಂದು ಸಲವೂ ಹಾಗೆ ಕರೆಯಲಿಲ್ಲ. "ಏನಪಾ", "ಇಲ್ಲಿ ಕೇಳು" ಎಂದೇ ಆರು ವರ್ಷ ಕಳೆದೆ.

ಮೊದಲ ದಿನದ ಸಂಗತಿ ಹೇಳುತ್ತೇನೆ. ಮೇ ತಿಂಗಳು. ಶಹಾಬಾದಿನ ಮೇ ಎಂದರೆ ಹಾಸುಗಲ್ಲಿನ ಮೇಲೆ ಬರಿಗಾಲಿಟ್ಟವನಿಗೆ ಗೊತ್ತು. ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಫಾರ್ಮುಲಾ ಹಾಳೆ. ಎಷ್ಟು ಕಿಲೋ ಪಾಲಿಯಾಲ್, ಎಷ್ಟು ಟಿ.ಡಿ.ಐ., ಎಷ್ಟು ನೀರು, ಎಷ್ಟು ಸಿಲಿಕೋನ್, ಎಲ್ಲ ಅದರಲ್ಲಿತ್ತು. ಅಲ್ಲಿಯ ಜನಕ್ಕೆ ಈ ಹೆಸರುಗಳು ಬೇಕಾಗಿರಲಿಲ್ಲ. ಪಾಲಿಯಾಲಿಗೆ ದಪ್ಪ ಎಣ್ಣಿ, ಮೂಗು ಕಣ್ಣು ಉರಿಸುವ ಟಿ.ಡಿ.ಐ.ಗೆ ಖಾರ ಎಣ್ಣಿ ಎನ್ನುತ್ತಿದ್ದರು. ನಾನು ಗತ್ತಿನಿಂದ "ಹಾಕ್ರಿ, ತಿರುಗಿಸ್ರಿ" ಎಂದೆ. ಅವರು ಡ್ರಮ್ಮಿನ ಹತ್ತಿರ ಹೋಗಿ, ಮಗುವಿನ ಹಣೆ ಮುಟ್ಟುವ ಹಾಗೆ ಕೈಯ ಹಿಂಬದಿಯನ್ನು ಅದಕ್ಕಿಟ್ಟರು.

"ಇವತ್ತ ಬ್ಯಾಡ್ರಿ ಸಾಹೇಬ್ರ. ಎಣ್ಣಿಗಿ ಜ್ವರ ಬಂದಾವ."

"ಹಾಳ್ಯಾಗ ಹಂಗೇನು ಬರದಿಲ್ಲ" ಎಂದೆ.

"ಹಾಳಿ ಬರದಾಂವ ಶಹಾಬಾದಕ್ಕ ಬಂದಾನೇನ್ರಿ?"

ಅಲ್ಲಿ ಕೆಲಸಕ್ಕಿದ್ದ ಹೆಂಗಸರು ಕಿಸಕ್ಕೆಂದರು. ನನಗೆ ಸಿಟ್ಟು ಬಂತು, ಹಟ ಮಾಡಿ ಹಾಕಿಸಿದೆ. ಅಚ್ಚಿನ ಪೆಟ್ಟಿಗೆಗೆ ಸುರಿಯುವ ಮೊದಲೇ ಬಕೆಟ್ಟಿನಲ್ಲೇ ಅದು ಉಬ್ಬತೊಡಗಿತು. ಅರ್ಧ ಪೆಟ್ಟಿಗೆಯಲ್ಲಿ, ಅರ್ಧ ನೆಲದ ಮೇಲೆ. ಪೆಟ್ಟಿಗೆಯಲ್ಲಿ ಎದ್ದದ್ದು ನಡುವೆ ಸೀಳಿ ಬಾಯಿ ಬಿಟ್ಟುಕೊಂಡು ನಿಂತಿತು. ಅವರು ಮರುದಿನ ನಾನು ಬರುವಷ್ಟರಲ್ಲಿ ಡ್ರಮ್ಮುಗಳಿಗೆಲ್ಲ ತೋಯ್ಸಿದ ಗೋಣಿಚೀಲ ಸುತ್ತಿ, ಕೆಳಗಿನ ಹಾಸುಗಲ್ಲಿಗೆ ನೀರು ಹೊಡೆದು, ಎಣ್ಣೆಯನ್ನು ತಣ್ಣಗೆ ಮಾಡಿಟ್ಟಿದ್ದರು. ಸೂರ್ಯ ಏರುವ ಮೊದಲೇ ಫೋಮಿನ ಮೂರು ದೊಡ್ಡ ಬ್ಲಾಕ್ ಎದ್ದು ನಿಂತಿದ್ದವು. ಮೂರೂ ಚೊಕ್ಕ.

ಫೋಮ್ ಮಾಡುವುದು ನೋಡಲು ಸರಳ. ದಪ್ಪ ಎಣ್ಣೆಗೆ ಚೂರು ನೀರು, ಸಿಲಿಕೋನ್, ಮೀನಿನ ವಾಸನೆಯ ಇನ್ನೊಂದು ಔಷಧ, ತವರದ ಔಷಧದ ನಾಲ್ಕು ಹನಿ, ಎಲ್ಲ ಸೇರಿಸಿ ಮೋಟರಿನ ಕಡಗೋಲಿನಿಂದ ತಿರುಗಿಸಬೇಕು. ಕೊನೆಗೆ ಖಾರ ಎಣ್ಣೆಯನ್ನು ಒಮ್ಮೆಲೇ ಸುರಿಯಬೇಕು. ಅಲ್ಲಿಂದ ಮುಂದೆ ಎಲ್ಲವೂ ಕೆಲವೇ ಕ್ಷಣಗಳ ಆಟ. ಖಾರ ಎಣ್ಣೆಯೂ ನೀರೂ ಕೂಡಿದರೆ ಒಳಗೆ ಗಾಳಿ ಹುಟ್ಟುತ್ತದೆ. ಎರಡು ಎಣ್ಣೆ ಕೂಡಿದರೆ ಗಟ್ಟಿಯಾಗುತ್ತದೆ. ಗಾಳಿ ಎಬ್ಬಿಸಬೇಕು, ಅದು ಓಡಿಹೋಗುವಷ್ಟರಲ್ಲಿ ಎಣ್ಣೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗಾಳಿ ಮುಂದಾದರೆ ಸೀಳು, ಗಟ್ಟಿಯಾಗುವುದು ಮುಂದಾದರೆ ಬ್ಲಾಕ್ ಆಮೇಲೆ ಮುದುಡಿಕೊಳ್ಳುತ್ತದೆ. ಬಣ್ಣ ಹಾಲಿಗೆ ತಿರುಗುತ್ತಿದ್ದಂತೆ ಕಾಗದ ಹಾಸಿದ ಮರದ ಪೆಟ್ಟಿಗೆಗೆ ಸುರಿದರೆ, ಎರಡು ನಿಮಿಷದೊಳಗೆ ಮೊಣಕಾಲಿಗಿಂತ ಕೆಳಗಿದ್ದದ್ದು ಎದೆಮಟ್ಟ ಏರುತ್ತದೆ. ಪೂರ್ತಿ ಏರಿದ ಮೇಲೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆ ಒಡೆದು ಸುಯ್ ಎಂದು ಉಸಿರು ಬಿಡುತ್ತದೆ. ಆ ಉಸಿರು ಕೇಳಿದರೆ ಬ್ಲಾಕ್ ಚೆನ್ನಾಗಿದೆ ಎಂದರ್ಥ.

ಆ ಉಸಿರು ಕೇಳುವುದಕ್ಕೆ ಅವರು ಪೆಟ್ಟಿಗೆಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಮೂಗಿಗೆ ಬಿಗಿದಿದ್ದ ಕರವಸ್ತ್ರ, ಅದರ ಮೇಲೆ ಅರ್ಧ ಮುಚ್ಚಿದ ಕಣ್ಣು. ಕೇಳಿದ ಮೇಲೆ ಪೆಟ್ಟಿಗೆಯ ಹಲಗೆಗೆ ಮೆಲ್ಲಗೆ ಎರಡು ಸಲ ತಟ್ಟಿ "ಆಯ್ತು" ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನೂ ಕಿವಿಯಿಟ್ಟು ನೋಡಿದ್ದೇನೆ. ಮೊದಮೊದಲು ನನಗೆ ಮೋಟರಿನ ಗುಂಯ್ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಎಣ್ಣೆ ತಿರುಗುವಾಗ ತುಟಿಯಲ್ಲೇ ಏನೋ ಎಣಿಸುತ್ತಿದ್ದರು. ಗುಟ್ಟು ಅಲ್ಲೇ ಇದೆ ಎಂದುಕೊಂಡು ನಾನು ಒಂದು ನೋಟುಬುಕ್ಕು ಇಟ್ಟೆ. ಗಡಿಯಾರ ಹಿಡಿದು ಕಂಬದ ಮರೆಯಲ್ಲಿ ನಿಂತು ಒಂದು ವರ್ಷ ಬರೆದುಕೊಂಡೆ. ಯಾವ ದಿನ ಎಷ್ಟು ಸೆಕೆಂಡ್, ಎಂಥ ಹವೆ. ಲೆಕ್ಕ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ, ಏನು ಎಣಿಸುತ್ತೀ ಎಂದು.

"ಹತ್ತಿ ಹಿಂಜೂ ಮುಂದ ಬಿಲ್ಲಿಗಿ ಏಟು ಎಣಸ್ತೀವಲ್ರಿ, ಅದೇ."

"ಎಷ್ಟು ಏಟಿಗಿ ಸುರೀತಿ?"

"ಏಟಿಗಿ ಯಾಕ ಸುರೀತಾರ್ರಿ? ಎಣ್ಣಿ ಮಾರಿ ನೋಡಿ ಸುರೀತೀನಿ. ಎಣಸೂದು ನನ್ನ ಕೈ ಅವಸರ ಮಾಡಬಾರದಂತ." ನಕ್ಕು ಮತ್ತೆ ಹೇಳಿದರು, "ನಮ್ಮಪ್ಪ ಹೇಳ್ತಿದ್ದ, ಹತ್ತೀಗಿ ಹೊಡೀಬೇಕು ಅಂತ. ಇದಕ್ಕ ಕಾಯಬೇಕು. ಎಲ್ಡೂ ಗಾದೀನೇ, ಬುದ್ಧಿ ಬ್ಯಾರೆ."

ಒಂದು ವರ್ಷದ ನೋಟುಬುಕ್ಕನ್ನು ಅವತ್ತೇ ಬಚ್ಚಲ ಒಲೆಗೆ ಹಾಕಿದೆ.

ಸೇಠರು ತಿಂಗಳಿಗೊಮ್ಮೆ ಬರುವಾಗ ಹೈದರಾಬಾದಿನಿಂದ ಬಿಸ್ಕೀಟಿನ ಡಬ್ಬಿ ತರುತ್ತಿದ್ದರು. ಅದು ನೇರ ಈ ಮಿಕ್ಸಿಂಗಿನವರ ಕೈಗೆ. ಸೊಲ್ಲಾಪುರದ ವ್ಯಾಪಾರಿಗಳು ಬಂದರೆ ನನ್ನ ಮೇಜಿನ ಮುಂದಿನಿಂದಲೇ ನಡೆದುಹೋಗಿ ಅವರ ಕೈ ಕುಲುಕುತ್ತಿದ್ದರು. ಅವರೋ ಡಬ್ಬಿಯನ್ನು, ಬ್ಲಾಕಿನಿಂದ ಫೋಮಿನ ಹಾಳೆ ಕತ್ತರಿಸುವ ಹೆಂಗಸರ ನಡುವೆ ಇಟ್ಟುಬಿಡುತ್ತಿದ್ದರು. ನನಗೂ ಎರಡು ಬಿಸ್ಕೀಟು ಕಾಗದದಲ್ಲಿಟ್ಟು ಕಳಿಸುತ್ತಿದ್ದರು. ತಿನ್ನಬಾರದು ಎಂದುಕೊಂಡು ತಿನ್ನುತ್ತಿದ್ದೆ. ನನಗೆ ಮಗಳು ಹುಟ್ಟಿದಾಗ ಹಳೆಯ ಅರಳೆ ಹಿಂಜಿ, ಅಂಗೈಯಗಲದ ದಿಂಬು, ಮೊಳದುದ್ದದ ಗಾದಿ ಹೊಲಿದು ಮನೆಗೆ ತಂದುಕೊಟ್ಟರು. "ಕೂಸಿಗಿ ನಮ್ಮ ಫೋಮ್ ಬ್ಯಾಡ್ರೀ ಅಕ್ಕಾರ, ಬೆವರ್ತದ. ಇದೇ ಛಲೋ" ಎಂದರಂತೆ. ಅವತ್ತಿನಿಂದ ನನ್ನ ಹೆಂಡತಿಗೆ ಅವರು ಅಣ್ಣ. ತೊಟ್ಟಿಲಿಗೆಂದು ನಾನು ಅಳತೆಗೆ ಕತ್ತರಿಸಿ ತಂದಿದ್ದ ಫೋಮಿನ ತುಂಡನ್ನು ಅವಳು ಹೊಲಿಗೆ ಯಂತ್ರದ ಕೆಳಗೆ ಹಾಸಿಕೊಂಡಳು.

ಇನ್ನು ಆ ದಬ್ಬಣ. ಗಾದಿ ಹೊಲಿಯುವ ಉದ್ದ ಸೂಜಿ, ಗೇಣುದ್ದಕ್ಕಿಂತ ಹೆಚ್ಚು, ಅವರ ಅಪ್ಪನದು. ಎದ್ದು ನಿಂತ ಬ್ಲಾಕಿನ ಒಳಗೆ ಭಾರಿ ಕಾವಿರುತ್ತದೆ. ಹೊರಗೆ ಮುಟ್ಟಿದರೆ ತಣ್ಣಗೆ, ನಡುವೆ ಒಲೆ. ಅದಕ್ಕೇ ಬ್ಲಾಕುಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಂದು ದಿನ ಬಿಟ್ಟು ಆಮೇಲೆ ಹಾಳೆ ಕತ್ತರಿಸುವುದು. ಅವರು ಪ್ರತಿ ಬ್ಲಾಕಿಗೂ ದಬ್ಬಣ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆಳೆದು ಕೆನ್ನೆಗೆ ಒತ್ತಿ ನೋಡುತ್ತಿದ್ದರು. "ಇದು ಮಲಗ್ಯಾದ" ಅಥವಾ "ಇದಕ್ಕಿನ್ನೂ ಎಚ್ಚರ ಅದ" ಎನ್ನುತ್ತಿದ್ದರು. ಎಚ್ಚರವಿದ್ದದ್ದನ್ನು ಬಾಗಿಲ ಹತ್ತಿರ ಗಾಳಿಗೆ ತಂದು ನಿಲ್ಲಿಸುತ್ತಿದ್ದರು. ವರ್ಷಗಟ್ಟಲೆ ಒತ್ತಿ ಒತ್ತಿ ಎಡಗೆನ್ನೆಯ ಮೇಲೆ ಒಂದು ಕಪ್ಪು ಗೆರೆ ಉಳಿದಿತ್ತು.

ಈ ದಬ್ಬಣವನ್ನು ಬಿಡಿಸಿದವನು ನಾನು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಸೂಜಿಯ ತೂತನ್ನು ಸೇಠರಿಗೆ ತೋರಿಸಿದೆ. ಯಾವ ಗಿರಾಕಿಯೂ ದೂರಿರಲಿಲ್ಲ, ಫೋಮೆಂದರೆ ತೂತುಗಳ ರಾಶಿಯೇ. ಆದರೂ, "ಕಾರ್ಖಾನೆ ಅಂದ ಮ್ಯಾಲ ಒಂದು ರೀತಿ ಇರಬೇಕಲ್ರಿ" ಎಂದು ಹೇಳಿದೆ. ಸೇಠರಿಗೆ ರೀತಿ ಎಂಬ ಮಾತು ಹಿಡಿಸಿತು. ದಬ್ಬಣ ಬಂದ್ ಎಂದರು. ಮಿಕ್ಸಿಂಗಿನವರು ಅದನ್ನು ಒಂದು ಚಿಂದಿಗೆ ಸುತ್ತಿ ಅಂಗಿಯ ಕಿಸೆಯಲ್ಲಿ, ಬೀಡಿಯ ಕಟ್ಟಿನ ಪಕ್ಕದಲ್ಲಿ ಇಟ್ಟುಕೊಂಡರು. ಬೀಡಿ ಸೇದುತ್ತಿದ್ದರು, ಅದೂ ನಿಜ. ಆದರೆ ಗೇಟಿನಾಚೆಗೆ ಹೋಗಿ, ಬೇವಿನ ಗಿಡದ ಕೆಳಗೆ ಕೂತು ಸೇದಿ, ಬಾಯಿ ಮುಕ್ಕಳಿಸಿಕೊಂಡೇ ಒಳಗೆ ಬರುತ್ತಿದ್ದರು.

ಮುಂದಿನ ಬೇಸಿಗೆಗೆ ಸೇಠರು ಒಂದು ಹೊಸ ಬೇಡಿಕೆ ಇಟ್ಟರು. ಹೈದರಾಬಾದಿನಲ್ಲಿ ಇನ್ನೂ ಹಗುರ ಫೋಮ್ ಮಾಡುತ್ತಾರೆ, ಅಷ್ಟೇ ಎಣ್ಣೆಗೆ ಬ್ಲಾಕ್ ಇನ್ನೂ ಎತ್ತರ ಏಳುತ್ತದೆ, ನಮ್ಮಲ್ಲೂ ಆಗಬೇಕು ಎಂದು. ಹಗುರ ಮಾಡಬೇಕೆಂದರೆ ನೀರು ಹೆಚ್ಚು ಹಾಕಬೇಕು, ಅದರ ಜೊತೆಗೆ ಖಾರ ಎಣ್ಣೆಯೂ ಹೆಚ್ಚು. ಮಿಕ್ಸಿಂಗಿನವರು ಬೇಡವೆಂದು ತಲೆಯಾಡಿಸಿದರು. "ನಮ್ಮ ಬಿಸಲಾಗ ಬ್ಯಾಡ್ರಿ ಸೇಠ್. ನೀರ ಹೆಚ್ಚಾದಷ್ಟು ಒಳಗ ಉರಿ ಹೆಚ್ಚು. ಛಳಿಗಾಲದಾಗ ನೋಡೋಣು."

ಅವರು ಆಗದೆಂದದ್ದೇ ನನಗೆ ಸಿಕ್ಕ ಅವಕಾಶ. "ಸೈನ್ಸ್ ಪ್ರಕಾರ ಆಗ್ತದ್ರಿ, ನಾ ಮಾಡಿ ತೋರಸ್ತೀನಿ" ಎಂದೆ. ನೀರು ಹೆಚ್ಚಾದರೆ ಕಾವು ಹೆಚ್ಚುತ್ತದೆಂದು ನನ್ನ ಪುಸ್ತಕದಲ್ಲೂ ಇತ್ತು. ಅಂದರೆ ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಅವರು ಸರಿಯಿರುವುದೇ ನನಗೆ ತಡೆಯಲಾಗುತ್ತಿರಲಿಲ್ಲ.

ಏಪ್ರಿಲಿನಲ್ಲಿ ಅವರು ತಂಗಿಯ ಮಗಳ ಮದುವೆಗೆಂದು ಚಿಂಚೋಳಿಗೆ ಹೋದರು. ಮೂರನೆಯ ದಿನ ಸೇಠರು ಬರುವವರಿದ್ದರು. ಅವತ್ತು ಬೆಳಿಗ್ಗೆ ನಾನೇ ಕರವಸ್ತ್ರ ಬಿಗಿದುಕೊಂಡು ನಿಂತೆ. ಗೋಣಿಚೀಲ ಸುತ್ತಿಸಿದ್ದೆ, ಕಲ್ಲಿಗೆ ನೀರು ಹೊಡೆಸಿದ್ದೆ. ಅಷ್ಟನ್ನು ಕಲಿತಿದ್ದೆ. ನೀರು ಹೆಚ್ಚಿಸಿದೆ, ಖಾರ ಎಣ್ಣೆ ಹೆಚ್ಚಿಸಿದೆ. ಎಣ್ಣೆ ಹಾಲಾಯಿತು, ಸುರಿದೆ. ಅದು ಎದ್ದಿತು. ಎದೆಮಟ್ಟ ಬಂತು, ನಿಲ್ಲಲಿಲ್ಲ. ಪೆಟ್ಟಿಗೆಯ ಹಲಗೆ ದಾಟಿ, ನನ್ನ ಗದ್ದದ ಮಟ್ಟಕ್ಕೆ ಬಂದು, ಅಂಚು ಒಡೆಯದೆ ಗುಮ್ಮಟದಂತೆ ನಿಂತಿತು. ಕಿವಿಯಿಟ್ಟೆ. ಸುಯ್ ಎಂದು ಉಸಿರು ಬಿಟ್ಟಿತು. ನನಗೂ ಕೇಳಿಸಿತು!

ಹಾಳೆ ಕತ್ತರಿಸುವ ಬಸಮ್ಮ ಬಾಯಿಗೆ ಕೈಯಿಟ್ಟುಕೊಂಡು, "ಅಯ್ಯಯ್ಯ, ಇದೇನ್ ಎತ್ತರ ಎದ್ದಾದ್ರಿ ಸಾಹೇಬ್ರ" ಎಂದಳು. ಆ ಒಂದು ಮಾತಿಗೆ ಅವಳಿಗೆ ಬಿಸ್ಕೀಟಿನ ಡಬ್ಬಿ ಕೊಡಿಸೋಣವೆನ್ನಿಸಿತು. ಬ್ಲಾಕನ್ನು ಗೋದಾಮಿನಲ್ಲಿ, ಸೇಠರ ಕಣ್ಣಿಗೆ ಮೊದಲು ಬೀಳಲೆಂದು ಮಿಕ್ಸಿಂಗಿನವರು ಎಬ್ಬಿಸಿಟ್ಟುಹೋಗಿದ್ದ ಬ್ಲಾಕುಗಳ ನಟ್ಟನಡುವೆ ನಿಲ್ಲಿಸಿದೆ. ಎತ್ತರದ ವ್ಯತ್ಯಾಸ ಕಾಣಲೆಂದು ಹತ್ತಿರ ಹತ್ತಿರ ಸರಿಸಿದೆ. ಮಧ್ಯಾಹ್ನ ಬಾಡಿಗೆಯ ಜೀಪಿನಲ್ಲಿ ವಾಡಿ ಜಂಕ್ಷನ್ನಿಗೆ ಹೋಗಿ ಸೇಠರನ್ನು ಕರೆದುಕೊಂಡೆ. ದಾರಿಯುದ್ದಕ್ಕೂ ನನ್ನ ಬಾಯಿ ನಿಲ್ಲಲಿಲ್ಲ. "ನೋಡ್ರಿ, ನೀವೇ ಕಣ್ಣಾರೆ ನೋಡ್ರಿ" ಎಂದೇ ಹೇಳುತ್ತಿದ್ದೆ.

ಗೇಟು ದಾಟಿದಾಗ ಕಂಡದ್ದು ಹೊಗೆ. ಗೋದಾಮಿನ ಮುಂದಿನ ಕಲ್ಲಿನ ಅಂಗಳದಲ್ಲಿ ನನ್ನ ಬ್ಲಾಕ್ ಅರ್ಧ ಸುಟ್ಟು ಬಿದ್ದಿತ್ತು. ಸುತ್ತ ನೀರು, ಖಾಲಿ ಕೊಡಗಳು, ಹೆದರಿ ನಿಂತ ಹೆಂಗಸರು. ಚಿಂಚೋಳಿಗೆ ಹೋದವರು ಅಂಗಳದ ತುದಿಯಲ್ಲಿ ಕೂತಿದ್ದರು. ಮದುವೆಗೆ ಹಾಕಿಕೊಂಡ ಹೊಸ ಅಂಗಿ ತೋಳಿನವರೆಗೆ ಸುಟ್ಟಿತ್ತು, ಬಲಗೈ ಒದ್ದೆ ಬಟ್ಟೆಯಲ್ಲಿತ್ತು.

ಅವರು ಒಂದು ಗಂಟೆಯ ಬಸ್ಸಿಗೆ ಬಂದಿದ್ದರು. ಬಂದವರೇ ಹೊಸ ಬ್ಲಾಕನ್ನು ಕಂಡು, ಅದರ ಎತ್ತರವನ್ನು ಕಂಡು, ಬಂದ್ ಆಗಿದ್ದ ದಬ್ಬಣವನ್ನು ಕಿಸೆಯಿಂದ ತೆಗೆದಿದ್ದರು. ಕೆನ್ನೆಯವರೆಗೆ ತರಬೇಕಾಗಿಯೇ ಬರಲಿಲ್ಲವಂತೆ, ಹಿಡಿದ ಬೆರಳಿಗೇ ಚುರ್ ಎಂದಿತು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಬಸಮ್ಮನನ್ನೂ ಇನ್ನಿಬ್ಬರನ್ನೂ ಎಬ್ಬಿಸಿ, ಎಲ್ಲರೂ ಸೇರಿ ಅದನ್ನು ಹೊರಗೆಳೆದಿದ್ದರು. ಹೊಸ್ತಿಲು ದಾಟುವಾಗ ಅದರ ಮೈಯಿಂದ ಹೊಗೆ, ಅಂಗಳಕ್ಕೆ ಬಂದ ಮೇಲೆ ಉರಿ.

ಸೇಠರಿಗೆ ಇದು ಅರ್ಥವಾಗಲಿಲ್ಲ. "ಬೆಂಕಿ ಇಲ್ದೆ ಬ್ಲಾಕ್ ತಾನೇ ಹ್ಯಾಂಗ ಉರೀತದ?" ಎಂದು ಕೂಗಾಡಿದರು. ಬಸಮ್ಮ "ಹೊಗಿ ಒಳಗಿಂದ ಬಂತ್ರಿ" ಎಂದಳು. "ನೀ ಸುಮ್ನಿರು" ಎಂದು ಅವಳ ಬಾಯಿ ಮುಚ್ಚಿಸಿದರು. ಸೇಠರ ಕಣ್ಣು ಸುಟ್ಟ ಅಂಗಿಯ ಕಿಸೆಯ ಮೇಲೆ ಬಿತ್ತು. ಬೀಡಿಯ ಕಟ್ಟು ಇಣುಕುತ್ತಿತ್ತು.

"ಬೀಡಿ ಸೇದಿದ್ಯಾ?"

"ಒಳಗ ಸೇದಂಗಿಲ್ರಿ ಸೇಠ್."

"ಮತ್ತ?"

ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಸಾಹೇಬ್ರಿಗಿ ಕೇಳ್ರಿ. ಅವರು ಓದ್ಯಾರ. ಹೊರಗಿಂದ ಹತ್ತಿದ ಉರಿ ಯಾವುದು, ಒಳಗಿಂದ ಹತ್ತಿದ್ದು ಯಾವುದು, ಅವರಿಗಿ ತಿಳೀತದ" ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ನೋಡಲು ಕೆಮಿಸ್ಟ್ರಿ ಬೇಕಾಗಿರಲಿಲ್ಲ. ಒಂದು ಮಗ್ಗುಲಿನ ಮೈ ಹಾಗೇ ಬೆಳ್ಳಗೆ ಉಳಿದಿತ್ತು. ನಡುವೆ ಮಾತ್ರ ಕರಕಲು ಗವಿ. ಆ ಗವಿಯಲ್ಲಿ ನನ್ನ ಹೆಚ್ಚು ನೀರು, ನನ್ನ ಹೆಚ್ಚು ಖಾರ ಎಣ್ಣೆ, ಎತ್ತರ ತೋರಿಸಲೆಂದು ಒತ್ತೊತ್ತಿ ನಿಲ್ಲಿಸಿದ್ದು, ಎಲ್ಲ ಬರೆದಿಟ್ಟಂತೆ ಕಾಣುತ್ತಿತ್ತು. ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತೇನೋ, ಹೋಗುತ್ತಲೂ ಇರಲಿಲ್ಲವೇನೋ. ನನ್ನನ್ನು ತಡೆದದ್ದು ಕೆಲಸದ ಹೆದರಿಕೆಯಲ್ಲ. ನಾನು ಮಾಡಿದ ಒಂದೇ ಒಂದು ಎತ್ತರದ ಬ್ಲಾಕನ್ನೂ ಇವರೇ ಬಂದು ಹೊರಗೆಳೆಯಬೇಕಾಯಿತು, ಮೂರು ಹೆಂಗಸರ ಜೀವವನ್ನೂ ಗೋದಾಮನ್ನೂ ಇವರೇ ಉಳಿಸಿದರು, ನಾಳೆಯಿಂದ ಆ ಹೆಸರೂ ಇವರಿಗೇ ಸಲ್ಲುತ್ತದೆ ಎಂಬುದು ನನಗೆ ನುಂಗಲಾಗಲಿಲ್ಲ.

ನಾನು ಅವರ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ, "ಇವನ ಬೀಡೀನೇ ಇರಬೇಕ್ರಿ" ಎಂದೆ.

ಅವರು ಎಡಗೈಯಿಂದ ಕಿಸೆಯಲ್ಲಿನ ಬೀಡಿಯ ಕಟ್ಟು ತೆಗೆದು ಹಾಸುಗಲ್ಲಿನ ಮೇಲಿಟ್ಟರು. ದಬ್ಬಣವನ್ನು ಚಿಂದಿಗೆ ಸುತ್ತಿಕೊಂಡು ಗೇಟಿನ ಕಡೆ ನಡೆದರು. ಸೇಠರು "ಮಿಕ್ಸಿಂಗ್ ಬ್ಯಾಡ, ಕತ್ತರಿಸೂ ಕೆಲಸಕ್ಕ ಬಾ" ಎಂದು ಹಿಂದಿನಿಂದ ಕೂಗಿದರು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ವಾಡಿಯಲ್ಲಿ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಕೋಣೆ ಹಿಡಿದು ಹತ್ತಿ ಹಿಂಜುವ ಅಪ್ಪನ ಬಿಲ್ಲನ್ನು ಮತ್ತೆ ತೂಗುಹಾಕಿ ಗಾದಿ ಮಾಡತೊಡಗಿದರೆಂದು ಕೇಳಿದೆ.

ಆಮೇಲೆ ಮಿಕ್ಸಿಂಗ್ ನನ್ನದಾಯಿತು. ಹಗುರ ಫೋಮಿನ ಮಾತು ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಮುಂದೂಡಿದೆ. ಶಹಾಬಾದಿನ ಬಜಾರಿನಲ್ಲಿ ಒಂದು ದಬ್ಬಣ ಕೊಂಡೆ. ಸಂಜೆ ಎಲ್ಲರೂ ಹೋದ ಮೇಲೆ ಒಂದೊಂದು ಬ್ಲಾಕಿಗೂ ಚುಚ್ಚಿ ಕೆನ್ನೆಗೆ ಒತ್ತಿ ನೋಡುತ್ತಿದ್ದೆ. "ಮಲಗ್ಯಾದ" ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಹೆಂಡತಿ ನನ್ನ ಕೆನ್ನೆ ನೋಡಿ "ಇದೇನ್ರೀ, ಅಣ್ಣಗ ಇದ್ದಂಗ ಗೆರಿ" ಎಂದಳು. ಕ್ಷೌರದ ಗಾಯ ಎಂದೆ. ಬ್ಲಾಕುಗಳು ಚೆನ್ನಾಗಿಯೇ ಏಳುತ್ತಿದ್ದವು. ಆದರೂ ಸೊಲ್ಲಾಪುರದ ವ್ಯಾಪಾರಿಗಳು ಹಾಳೆಯನ್ನು ಒತ್ತಿ ನೋಡಿ, "ಉಸ್ತಾದ್ ಇದ್ದಾಗಿನ ಮಜಾ ಇಲ್ಲ" ಎನ್ನುವುದನ್ನು ಬಿಡಲಿಲ್ಲ. ಅದೇ ಎಣ್ಣೆ, ಅದೇ ನೀರು, ಅದೇ ಪೆಟ್ಟಿಗೆ!

ಬೀಡಿಯ ಕಥೆ ಅವರಿಗಿಂತ ಮೊದಲೇ ವಾಡಿ ಮುಟ್ಟಿತ್ತು. ಕಾರ್ಖಾನೆ ಸುಟ್ಟವನು ಎಂದು ಜನ ಅವರಿಗೆ ಬೀಡಿ ಉಸ್ತಾದ್ ಎಂದು ಹೆಸರಿಟ್ಟರು. ನಾನು ಕೊಡದ ಬಿರುದಿಗೆ ನನ್ನದೇ ಒಂದು ಮಾತು ಅಂಟಿಕೊಂಡು ನಿಂತಿತು. ಕೆಲವು ವರ್ಷಗಳ ಮೇಲೆ ಕಾರ್ಖಾನೆ ಮುಚ್ಚಿತು, ಸೇಠರು ಹೈದರಾಬಾದಿನಲ್ಲೇ ತೀರಿಕೊಂಡರು. ನಾನು ವಾಡಿಯ ಕಡೆಗೆ ಹೋಗಬೇಕಾದರೆ ಕ್ವಾರ್ಟರ್ಸಿನ ಹಿಂದಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಅವರು ತೀರಿದ ಮೂರನೆಯ ದಿನ, ಹೆಂಡತಿ ಹಟ ಹಿಡಿದಳೆಂದು ಹೋದೆ. ಚಿಕ್ಕ ಓಣಿ ತುಂಬ ಜನ. ಕೊನೆಯ ಎರಡು ವರ್ಷ ದಮ್ಮು ಇತ್ತಂತೆ. ಒಬ್ಬರು ಅರಳೆಯ ಧೂಳು ಎಂದರು, ಒಬ್ಬರು ಆ ಕಾರ್ಖಾನೆಯ ಎಣ್ಣೆ ಎಂದರು. ಇಷ್ಟು ಜನ ಯಾಕೆ ಬಂದಿದ್ದಾರೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ನೀರಿನ ಗ್ಲಾಸು ತಂದಳು. ಅವರ ಮಗಳು.

"ನೀವು ಫೋಮ್ ಕಾರ್ಖಾನಿ ಸಾಹೇಬ್ರಲ್ರಿ? ಅಬ್ಬಾ ನಿಮ್ಮ ಮಾತು ಭಾಳ ತೆಗೀತಿದ್ರು."

ನೀರನ್ನು ಒಂದೇ ಗುಟುಕಿಗೆ ಕುಡಿದೆ. "ಏನಂತಿದ್ದ... ಏನಂತಿದ್ರು?"

"ಸಾಹೇಬ್ರು ಒಂದ್ ಬ್ಲಾಕ್ ಎಬ್ಬಿಸಿದ್ರು, ಅಷ್ಟೆತ್ತರ ನನ್ನ ಜಲ್ಮದಾಗ ಎಂದೂ ನನ್ನ ಕೈಲಿ ಎದ್ದಿಲ್ಲ ಅಂತಿದ್ರು. ಹೊರಗ ಎಳಿಯೂ ಮುಂದ ಅದು ಹಾಳಾತಲ್ಲಾ ಅಂತ ಜೀವ ಚುರ್ ಅಂತಂತ."

ಅವರ ಜೊತೆಗಿದ್ದ ಆರು ವರ್ಷವೂ ನಾನು ಕಾದಿದ್ದ ಮಾತು ಅದು. ಅವರ ಬಾಯಿಂದ ಒಂದು ಶಬಾಸ್. ಬಂದದ್ದು ಹೀಗೆ, ಅದೂ ಆ ಬ್ಲಾಕಿಗೆ. ನಾನು ಎದ್ದು ನಿಂತೆ. ಸುತ್ತಲಿನವರಿಗೆ ಕೇಳಿದರೂ ಕೇಳಲಿ ಎಂದುಕೊಂಡೆ, ಆದರೆ ಧ್ವನಿ ಮೇಲೇಳಲಿಲ್ಲ.

"ತಂಗೀ, ಅವತ್ತ ಬೀಡಿ ಅಲ್ಲ. ನಿಮ್ಮ ಅಬ್ಬಾನ ಬೀಡಿ ಅಲ್ಲ."

ಅವಳು ಖಾಲಿ ಗ್ಲಾಸು ತೆಗೆದುಕೊಂಡಳು. "ಅದು ನಮಗ ಗೊತ್ತದರಿ. ಗೊತ್ತಿರಲಾರದವರಿಗಿ ಹೇಳ್ರಿ" ಎಂದು ಒಳಗೆ ಹೋದಳು.

ಓಣಿಯ ಬಾಯಿಯಲ್ಲಿ ಒಂದು ಚಹಾದ ಹೋಟೆಲು. ಹೆಂಡತಿ ಹೆಂಗಸರ ನಡುವೆ ಉಳಿದಿದ್ದಳು, ನಾನು ಅಲ್ಲಿ ಕೂತೆ. ಪಕ್ಕದ ಬೆಂಚಿನಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ನಾಲ್ಕು ಜನ. ಮೈಮೇಲೆಲ್ಲ ಬೂದಿಬಣ್ಣದ ಪುಡಿ. ಒಬ್ಬ ಚಹಾ ಊದುತ್ತ ಹೇಳಿದ, "ಬೀಡಿ ಉಸ್ತಾದ್ ಹೋದ್ನಂತಲ್ಲೋ. ಛಲೋ ಗಾದಿ ಮಾಡ್ತಿದ್ದ."

ಚಹಾ ಸುರಿದುಕೊಂಡಿದ್ದ ಬಸಿ ಕೆಳಗಿಟ್ಟೆ. "ಆ ಬೀಡಿ ಕಥಿ ಸುಳ್ಳು. ಅದನ್ನ ಹೇಳಿದಾಂವ ನಾನು" ಎಂದೆ.

ನಾಲ್ವರೂ ತಿರುಗಿದರು. ಹೋಟೆಲಿನವನೂ ಸೋಸುವುದನ್ನು ನಿಲ್ಲಿಸಿದ. ಅವರಲ್ಲಿ ಹಿರಿಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮತ್ತ ಉರಿ ಹ್ಯಾಂಗ ಹತ್ತಿತ್ರಿ?" ಎಂದ.

"ಎಲ್ಡು ಎಣ್ಣಿ ಇರ್ತಾವ್ರಿ. ಒಂದು ದಪ್ಪ ಎಣ್ಣಿ, ಒಂದು ಖಾರ ಎಣ್ಣಿ..." ಎಂದು ಶುರು ಮಾಡಿದೆ. ಎಣ್ಣೆಗೆ ಬರುವ ಜ್ವರ, ತೋಯ್ಸಿದ ಗೋಣಿಚೀಲ, ಕೈ ಅವಸರ ಮಾಡದಂತೆ ಎಣಿಸುವುದು, ಬ್ಲಾಕ್ ಬಿಡುವ ಉಸಿರು, ಮಲಗುವುದು, ಎಚ್ಚರವಿರುವುದು, ಎಲ್ಲ ಹೇಳಿದೆ. ನಾನು ಹಾಕಿದ ನೀರನ್ನೂ ಹೇಳಿದೆ, ಒತ್ತಿ ನಿಲ್ಲಿಸಿದ್ದನ್ನೂ ಹೇಳಿದೆ, ಕರಕಲು ಗವಿಯನ್ನೂ ಹೇಳಿದೆ. ಬಿ.ಎಸ್ಸಿ.ಯಲ್ಲಿ ಓದಿದ ಒಂದು ಶಬ್ದವೂ ನನ್ನ ಬಾಯಿಗೆ ಬರಲಿಲ್ಲ, ಬಂದವೆಲ್ಲ ಅವರ ಮಾತುಗಳೇ. ಯಾರ ಚಹಾವೂ ಬಿಸಿ ಉಳಿದಿರಲಿಲ್ಲ.

ಹಿರಿಯ ಟವೆಲಿನಿಂದ ಮುಖ ಒರೆಸಿಕೊಂಡ. ನನಗೆ ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ, ನಾನು ಅವನ ಲೆಕ್ಕಕ್ಕೇ ಇರಲಿಲ್ಲ. ಓಣಿಯ ಕಡೆ ನೋಡುತ್ತ ಹೇಳಿದ, "ಹಂಗಾದ್ರ ಅಂವ ಖರೇನೇ ಉಸ್ತಾದ್ ಇದ್ದ ಅನ್ರಿ."

"ಹೌದ್ರಿ" ಎಂದೆ. "ಉಸ್ತಾದ್ ಇದ್ರು."

ಹೇಳುವಾಗ ಕಣ್ಣು ತುಂಬಿತು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಒಂದು ಸುಳ್ಳು ಹೇಳಿ ಸಾಕಾಗಿದೆ. ಆ ನಾಲ್ವರು ಚಹಾದ ಬಸಿ ಕೆಳಗಿಟ್ಟು, ತಲೆಯ ಮೇಲೆ ಟವೆಲು ಹಾಕಿಕೊಂಡು, ಓಣಿಯೊಳಗೆ ಆ ಮನೆಯ ಕಡೆ ನಡೆದುಹೋಗುವುದನ್ನು ನೋಡುತ್ತ ಕೂತಿದ್ದೆ. ತೀರಿಹೋದ ಆ ಮನುಷ್ಯನ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ.